ಸಿಪ್ಪೆಯಲ್ಲಿದ್ದ ಕಾಡು

ಬೆಳಗಿನ ಐದೂಮುಕ್ಕಾಲು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಇನ್ನೂ ಆರಿಲ್ಲ. ಪುರ್ತಗೇರಿಯ ಹೊಲಗಳಿಗೆ ಹೋಗುವ ದಾರಿಯಲ್ಲಿ ಕಳಕವ್ವ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಎಡಗೈಯಲ್ಲಿ ನೀರಿನ ತಂಬಿಗೆ, ಬಲಗೈಯಲ್ಲಿ ಸವೆದ ಹಲ್ಲುಜ್ಜುವ ಬ್ರಷ್. ಟ್ರ್ಯಾಕ್ಟರುಗಳು ತುಳಿದು ತಗ್ಗು ಮಾಡಿದ ಜಾಗಕ್ಕೆ ಯಾರೋ ಒಂದು ಟ್ರೇಲರ್ ಕಲ್ಲುಚೂರು ಸುರಿದಿದ್ದಾರೆ. ಅದರಿಂದ ಒಂದು ಚೂರು ಎತ್ತುತ್ತಾರೆ, ನೀರು ಹನಿಸುತ್ತಾರೆ, ಉಜ್ಜುತ್ತಾರೆ, ಮೂಡಣಕ್ಕೆ ಹಿಡಿದು ನೋಡುತ್ತಾರೆ, ಬಲಕ್ಕೆ ಎಸೆಯುತ್ತಾರೆ. ಮತ್ತೆ ಇನ್ನೊಂದು. ಬಲಗಡೆಯ ಗುಡ್ಡೆ ಮೊಣಕಾಲೆತ್ತರ ಬೆಳೆದಿದೆ. ಎಡಗಡೆ ಹಾಸಿದ ಸೆರಗಿನ ತುಂಡಿನ ಮೇಲೆ ಇರುವುದು ಎರಡೇ ಎರಡು, ಹುಣಸೆಬೀಜದಷ್ಟು ದೊಡ್ಡವು.

"ಯಾಕಬೇ ಯವ್ವಾ, ರಸ್ತಾಕ್ಕ ಜಳಕಾ ಮಾಡಸಾಕತ್ತಿ?" ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ಬೈಕಿನವನು ಕಾಲೂರಿ ನಿಂತು ಕೇಳುತ್ತಾನೆ.

"ಹೂನಪಾ. ನಿನ್ನ ಮದವಿ ಮೆರವಣಿಗಿ ಇದ ದಾರೀಲೆ ಬರತೈತೆಂತ. ಅದಕ್ಕ ತೊಳಿಯಾಕತ್ತೇನಿ."

ಅವನು ನಕ್ಕು ಹೋಗುತ್ತಾನೆ. ಕಳಕವ್ವ ನಗುವುದಿಲ್ಲ. ಕೈ ಆಗಲೇ ಮುಂದಿನ ಚೂರಿನ ಮೇಲಿದೆ. ಹೀಗೆ ಬಂದು ಕೂರುತ್ತಿರುವುದು ಇದು ಎಂಟನೆಯ ಬೆಳಗು. ಇಂದು ಗುರುವಾರ. ಭಾನುವಾರ ಸುವರ್ಣಾ ಬಾಯಿಯವರು ಬರುತ್ತಾರೆ. ಅಷ್ಟರೊಳಗೆ ಒಂದು ಮರದ ಸಿಪ್ಪೆ ಸಿಗಬೇಕು. ಆ ಮರ ನಿಂತಿದ್ದು ಆರೂವರೆ ಕೋಟಿ ವರ್ಷಗಳ ಹಿಂದೆ. ಸಿಪ್ಪೆ ಕಳೆದದ್ದು ಹೋದ ತಿಂಗಳು.

ಕಳಕವ್ವನಿಗೆ ಐವತ್ತಾರು. ಆಧಾರ್ ಕಾರ್ಡಿನಲ್ಲಿ ಐವತ್ತೊಂದು. ಗಜೇಂದ್ರಗಡದ ಕೋಟೆಗುಡ್ಡದ ಬುಡದಲ್ಲಿ ಮನೆ, ಮನೆಯ ಹಿಂದೆ ತಗಡಿನ ಶೆಡ್ಡು. ತವರೂ ಕಲ್ಲಿನದು, ಗಂಡನ ಮನೆಯೂ ಕಲ್ಲಿನದು. ಗಂಡ ಅರ್ಜುನಪ್ಪ ಒಂದು ಕಾಲಕ್ಕೆ ಬೀಸುಕಲ್ಲು ಕಡೆಯುತ್ತಿದ್ದರು. ರೋಣ, ನರಗುಂದ, ಸವಡಿ, ಜಕ್ಕಲಿ ಎಂದು ಸೈಕಲ್ಲಿನ ಮೇಲೆ ಸುತ್ತಿ, ಸವೆದು ನುಣುಪಾದ ಕಲ್ಲುಗಳಿಗೆ ಮತ್ತೆ ಒರಟಾಗುವಂತೆ ಉಳಿಯಿಂದ ಮುಳ್ಳು ಹೊಡೆದುಕೊಡುತ್ತಿದ್ದರು. ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಹೋಯಿತು. ಮಿಕ್ಸರ್ ಬಂತು, ಅರೆಯುವ ಕಲ್ಲು ಅಂಗಳಕ್ಕೆ ಬಿತ್ತು. ಆಗ ಮನೆಯವರು ಫರಸಿ, ಅಂದರೆ ಹಾಸುಗಲ್ಲು, ಕೊಯ್ಯುವ ಯಂತ್ರವೊಂದನ್ನು ತಂದು ಹೂಡಿದರು. ಅಡುಗೆಮನೆಯ ಕಟ್ಟೆ, ದೇವರ ಮನೆಯ ಹೊಸ್ತಿಲು, ಮೆಟ್ಟಿಲು. ಅರ್ಜುನಪ್ಪನವರ ಎದೆಗೆ ಕಲ್ಲಿನ ಧೂಳು ಒಗ್ಗದೆ ದವಾಖಾನೆಯವರು ಮನೆಯಲ್ಲಿ ಕೂರಿಸಿದ ಮೇಲೆ ಯಂತ್ರ ಕಳಕವ್ವನ ಕೈಗೆ ಬಂತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ನೀರು ಹರಿಯಬಿಟ್ಟುಕೊಂಡೇ ಕೊಯ್ಯುವುದು ಅವರ ಕಟ್ಟುನಿಟ್ಟು.

ಐದು ವರ್ಷದ ಹಿಂದೆ ಜಕ್ಕಲಿಯ ಸುವರ್ಣಾ ತವರಿನ ಅಡುಗೆಕಟ್ಟೆಗೆ ಕಲ್ಲು ಕೊಯ್ಸಲು ಈ ಶೆಡ್ಡಿಗೆ ಬಂದಿದ್ದರು. ದೂರದ ಊರಿನ ಸಂಶೋಧನಾಲಯವೊಂದರಲ್ಲಿ ಅವರು ಕಲ್ಲಾದ ಗಿಡಮರಗಳನ್ನು ಓದುವವರು. ಕಳಕವ್ವ ಉಜ್ಜಿದ ಕಲ್ಲಿನ ನುಣುಪನ್ನು ಬೆರಳಿನಿಂದಲ್ಲ, ಕೆಳತುಟಿಗೆ ತಾಗಿಸಿ ನೋಡುವುದನ್ನು ಕಂಡು ಸುವರ್ಣಾ ಕಟ್ಟೆಯ ಮಾತು ಮರೆತರು. ಅವರ ಸಂಶೋಧನಾಲಯದಲ್ಲಿ ಕಲ್ಲನ್ನು ಗಾಜಿನಷ್ಟು ತೆಳುವಾಗಿ ಉಜ್ಜಿ ಕೊಡುತ್ತಿದ್ದ ಮನುಷ್ಯ ನಿವೃತ್ತನಾಗಿದ್ದ, ಜಾಗ ತುಂಬಿರಲಿಲ್ಲ, ಕಲ್ಲುಗಳ ಸರದಿ ಎರಡು ವರ್ಷಕ್ಕೆ ಮುಟ್ಟಿತ್ತು. ಕಲ್ಲುಗಳಿಗೆ ಅವಸರವಿಲ್ಲ ನಿಜ. ಓದುವವರಿಗೆ ಇರುತ್ತದೆ.

ಕೆಲಸ ಹೇಳಲು ಸುಲಭ. ಪಾರ್ಸೆಲ್ಲಿನಲ್ಲಿ ಕಲ್ಲು ಬರುತ್ತದೆ. ವಜ್ರದ ಹರಳು ಕೂರಿಸಿದ ಚಕ್ರದಿಂದ ರೊಟ್ಟಿಯಷ್ಟು ತೆಳ್ಳಗೆ ಒಂದು ಹೋಳು ಕೊಯ್ಯಬೇಕು. ಗಾಜಿನ ಫಲಕದ ಮೇಲೆ ನೀರು ಮತ್ತು ಕರಿಪುಡಿ ಹಾಕಿ, ಹೋಳನ್ನು ಒತ್ತಿ, ಎಂಟರ ಆಕಾರದಲ್ಲಿ ತಿರುವುತ್ತ ಉಜ್ಜಬೇಕು. ಮೊದಲು ಒರಟು ಪುಡಿ, ಆಮೇಲೆ ನಯ, ಕೊನೆಗೆ ಹಾಲಿನ ಪುಡಿಯಂಥದು, ಒಟ್ಟು ಮೂರು ಸಲ. ನುಣುಪಾದ ಮುಖವನ್ನು ಬೆರಳಗಲದ ಗಾಜಿನ ಪಟ್ಟಿಗೆ ಅಂಟಿಸಿ, ಇನ್ನೊಂದು ಮುಖವನ್ನು ಮತ್ತೆ ಉಜ್ಜಬೇಕು, ಕಲ್ಲು ತಲೆಗೂದಲಿನ ಅರ್ಧ ದಪ್ಪಕ್ಕೆ ಇಳಿಯುವವರೆಗೆ. ಆಗ ಕಲ್ಲಿನೊಳಗಿಂದ ಬೆಳಕು ಹಾಯುತ್ತದೆ. ಇನ್ನೆರಡು ಸುತ್ತು ಹೆಚ್ಚು ತಿರುವಿದರೆ ಕಲ್ಲೇ ಇರುವುದಿಲ್ಲ, ಗಾಜು ಮಾತ್ರ ಉಳಿಯುತ್ತದೆ.

"ಹಪ್ಪಳಾ ಲಟ್ಟಿಸಿದಂಗ ಅಂತ ತಿಳ್ಕೊಂಡಿದ್ದೆ. ಹಪ್ಪಳಾ ಹರದ್ರ ಮತ್ತ ಉಂಡಿ ಮಾಡಬೌದು. ಇದನ್ನ ಏನ ಮಾಡ್ತಿ?" ಎನ್ನುತ್ತಾರೆ ಕಳಕವ್ವ.

ಸಾಕಷ್ಟು ತೆಳುವಾಯಿತೇ ಎಂದು ನೋಡಲು ಅವರಿಗೆ ಅವರದೇ ಉಪಾಯವಿದೆ. ಪಟ್ಟಿಯನ್ನು ಗೋಡೆಯ ಕ್ಯಾಲೆಂಡರಿಗೆ ಒತ್ತಿ ಹಿಡಿಯುತ್ತಾರೆ. ಕಲ್ಲಿನ ಮೂಲಕ ರಜೆ ದಿನದ ಕೆಂಪು ಅಂಕಿ ಮಾತ್ರ ಕಂಡರೆ ಇನ್ನೂ ಕೆಲಸವಿದೆ. ಅಂಕಿಯ ಕೆಳಗಿನ ತಿಥಿಯ ಸಣ್ಣ ಅಕ್ಷರ ಕಂಡರೆ ಕೈ ನಿಲ್ಲಿಸಬೇಕು. ದಿನಕ್ಕೆ ಹೆಚ್ಚೆಂದರೆ ಮೂರು ಪಟ್ಟಿ, ಕರೆಂಟು ಕೈಕೊಟ್ಟರೆ ಒಂದು. ಈವರೆಗೆ ನಾನೂರ ಹನ್ನೆರಡು ಪಟ್ಟಿಗಳು ಹೋಗಿವೆ. ಒಡೆದವು ಮೂವತ್ತೇಳು. ಒಡೆದವನ್ನು ಅವರು ಎಸೆದಿಲ್ಲ, ಬಿಸ್ಕೀಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದಾರೆ.

ಸುವರ್ಣಾ ಬರೆದ ಪ್ರಬಂಧಗಳು ಹೊರದೇಶದ ಪತ್ರಿಕೆಗಳಲ್ಲಿ ಬಂದಿವೆ. ಅವುಗಳ ಕೊನೆಗೆ ಧನಸಹಾಯ ಕೊಟ್ಟವರ, ಜೀಪು ಕೊಟ್ಟವರ, ಚರ್ಚೆಗೆ ಸಿಕ್ಕವರ ಹೆಸರುಗಳಿರುತ್ತವೆ. ಪಟ್ಟಿ ಉಜ್ಜಿದವರ ಹೆಸರು ಹಾಕುವ ರೂಢಿ ಆ ಲೋಕದಲ್ಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಊಟ ಹೊಗಳುವಾಗ ಬೀಸುಕಲ್ಲನ್ನು ಹೊಗಳುವವರು ಇಲ್ಲದ ಹಾಗೆ.

ಈಗ ಆ ಸಿಪ್ಪೆಯ ವಿಷಯ.

ಹೋದ ತಿಂಗಳು ಬಂದ ಕಲ್ಲು ದೊಡ್ಡ ಗಡಿಗೆಯ ತಳದಷ್ಟಿತ್ತು. ಒಳಗೆ ಕಪ್ಪು, ಹೊರಗೆ ಎರಡು ಬೆರಳು ದಪ್ಪದ ಬೂದುಬಿಳಿ ಪದರ. ಯಾವ ಊರಿನದೆಂದು ಸುವರ್ಣಾ ಹೇಳುವುದಿಲ್ಲ. ಹೇಳಿದರೆ ಮರುವಾರವೇ ಅಲ್ಲಿ ಚೀಲ ಹಿಡಿದು ಕಲ್ಲು ಆಯುವವರು ಬರುತ್ತಾರಂತೆ. ಕಲ್ಲಿನವರಿಗೆ ತಲೆತಲಾಂತರದ ಒಂದು ಪಾಠವಿದೆ. ಕೊಯ್ಯುವ ಮುನ್ನ ಕಲ್ಲಿನ ಮಾತು ಕೇಳಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ 'ಠಣ್' ಎಂದರೆ ಜೀವದ ಕಲ್ಲು, 'ಡಬ್' ಎಂದರೆ ಸತ್ತ ಕಲ್ಲು. ಬಿಸಿಲು ಮಳೆಗೆ ಹೊರಮೈ ಸತ್ತಿರುತ್ತದೆ. ಸತ್ತದ್ದನ್ನು ಉಳಿಯಿಂದ ಹಾರಿಸದೆ ಚಕ್ರಕ್ಕೆ ಕೊಟ್ಟರೆ ಕಲ್ಲು ನಡುವೆ ಬಿರಿಯುತ್ತದೆ, ಕೊಯ್ದವನ ಮನೆತನಕ್ಕೆ ಕೆಟ್ಟ ಹೆಸರು ಬರುತ್ತದೆ. ಕಳಕವ್ವ ತಟ್ಟಿದರು. ಬೂದುಬಿಳಿ ಪದರ 'ಡಬ್' ಎಂದಿತು. ಉಳಿ ಇಟ್ಟು ಐದು ಏಟಿಗೆ ಹಾರಿಸಿ, ಗುಡಿಸಿ, ಹಿತ್ತಲಿನ ಚೂರುಗಳ ಗುಡ್ಡೆಗೆ ಹಾಕಿದರು. ಹಿಂದೆ ಬಂದ ಮರಗಳ ಕಲ್ಲುಗಳಿಗೂ ಹೀಗೆಯೇ ಮಾಡಿದ್ದರು. ಒಬ್ಬರೂ ತಕರಾರು ತೆಗೆದಿರಲಿಲ್ಲ.

ಆರು ದಿನದ ಮೇಲೆ ಸುವರ್ಣಾ ಅವರ ಫೋನು. ಸೊಸೆ ಮೇಘಾ ಸ್ಪೀಕರ್ ಹಾಕಿ ಹಿಡಿದಿದ್ದಳು.

"ಕಳಕವ್ವಾರ, ಈ ಸಲದ ಕಲ್ಲು ಮರಜರಿದ್ದು. ಜರಿಗಿಡಾ ಇರತೈತೆಲ್ಲ, ಅದು ಮರದಷ್ಟ ಎತ್ತರ ಬೆಳದದ್ದು. ಇದಕ್ಕ ಬ್ಯಾರೆ ಮರದಂಗ ಕಟಗಿ ಇರೂದಿಲ್ಲ ನೋಡ್ರಿ. ನಡುವಿನ ಬಡ್ಡಿ ಸಣ್ಣದು. ಅದನ್ನ ಎತ್ತಿ ನಿಲ್ಲಸೂದು ಸುತ್ತಲಿನ ಬೇರಿನ ಹೊದಿಕಿ. ಆ ಹೊರಗಿನ ಸಿಪ್ಪಿ ಐತೆಲ್ಲ, ನಮಗ ಅದ ಬೇಕಾದ್ದು. ಒಳಗಿಂದಕ್ಕಿಂತ ಅದ ಮುಖ್ಯ. ಅದನ್ನ ಜ್ವಾಕಿ ಮಾಡ್ರಿ, ಹಾಂ?"

ಕಳಕವ್ವ "ಹೂಂ" ಎಂದರು.

ಫೋನು ಇಟ್ಟವರೇ ಹಿತ್ತಲಿಗೆ ಓಡಿದರು. ಗುಡ್ಡೆ ಇರಬೇಕಾದ ಜಾಗ ಬೋಳಾಗಿತ್ತು. ಹಿಂದಿನ ಶುಕ್ರವಾರವೇ ಟ್ರ್ಯಾಕ್ಟರಿನ ಜಂಗ್ಲಿಸಾಬ ಬಂದು, "ಯಕ್ಕಾ, ಪುರ್ತಗೇರಿ ದಾರ್ಯಾಗ ಗಾಲಿ ಹುಗೀತಾವು, ಈ ಚೂರು ಒಯ್ಯಲೇನು?" ಎಂದು ಕೇಳಿದ್ದ. "ಒಯ್ಯಪಾ, ಪುಣ್ಯಾ ಬರತೈತಿ" ಎಂದು ಕಳಕವ್ವನೇ ಸಲಿಕೆ ಕೊಟ್ಟಿದ್ದರು.

ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಚಹಾ ಬಟ್ಟಲಲ್ಲೇ ಆರುತ್ತದೆ. ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದು ಶೆಡ್ಡಿಗೆ ಹೋಗಿ ಬೋಳು ಮಾಡಿದ ಕಲ್ಲನ್ನು ಮುಟ್ಟಿ ಬರುತ್ತಾರೆ.

"ಅತ್ತಿ, ಫೋನ್ ಮಾಡಿ ಹೇಳಿಬಿಡ್ರಿ. ಅವರೇನ ಹುಲಿ ಏನ್ರಿ ತಿನ್ನಾಕ?" ಮೇಘಾ ದಿನಕ್ಕೊಮ್ಮೆ ಹೇಳುತ್ತಾಳೆ.

"ಸಿಕ್ಕಮ್ಯಾಲ ಹೇಳ್ತೇನಿ."

"ಸಿಗದಿದ್ರ?"

"ಸಿಗದಿದ್ರೂ ಹೇಳ್ತೇನಿ. ಹುಡಕೂದು ಮುಗಸೂತನ ಸುಮ್ಮ ಇರವಾ. ಖಾಲಿ ಕೈಲೆ ಹೆಂಗ ಹೇಳ್ಲಿ?"

ಸಿಪ್ಪೆಯಲ್ಲಿ ಅಂಥದೇನಿದೆ ಎಂದು ಮೇಘಾ ಸುವರ್ಣಾ ಅವರಿಗೇ ಸಂದೇಶ ಕಳಿಸಿ ಕೇಳಿಕೊಂಡಳು. ಕಾರಣ ಹೇಳದೆ, ಕುತೂಹಲಕ್ಕೆಂಬಂತೆ. ಬಂದ ಉತ್ತರವನ್ನು ಓದಿ ಹೇಳಿದಾಗ ಕಳಕವ್ವನ ಸಂಕಟ ಕಡಿಮೆಯಾಗುವ ಬದಲು ಮೂರು ಪಟ್ಟಾಯಿತು. ಮರಜರಿಯ ಬೀಜಕಣ ಮೊಳೆತು ಗಿಡವಾಗಲು ನೀರಿನ ತೆಳು ಪೊರೆಯಾದರೂ ಬೇಕು, ಗಂಡು ಕಣ ಹೆಣ್ಣು ಕಣದ ಬಳಿಗೆ ಈಜಿಯೇ ಹೋಗಬೇಕು. ಒಣ ಬಯಲಿನಲ್ಲಿ ಅದಕ್ಕೆ ಸಂಸಾರವಿಲ್ಲ. ಹಾಗಾಗಿ ಮರಜರಿ ಕಂಡಲ್ಲಿ ನೆರಳು ತೇವ ಇದ್ದವೆಂದು ಊಹಿಸಬಹುದು. ಆದರೆ ಎಷ್ಟು ತೇವ? ಮಳೆಗಾಲದ ನಾಲ್ಕು ತಿಂಗಳ ತೇವವೋ, ವರ್ಷವಿಡೀ ತೊಟ್ಟಿಕ್ಕುವ ದಟ್ಟ ಕಾಡಿನದೋ? ಒಳಗಿನ ಬಡ್ಡೆ ಅದನ್ನು ಹೇಳುವುದಿಲ್ಲ. ಬೇರಿನ ಹೊದಿಕೆ ಹೇಳುತ್ತದೆ. ಸ್ಪಂಜಿನಂಥ ಆ ಹೊದಿಕೆಯಲ್ಲಿ ಬಾಡಿಗೆದಾರರು ಇರುತ್ತಾರೆ: ಪಾಚಿ, ಎಳೆಯಷ್ಟು ಸಣ್ಣ ಕಾಂಡದ ಪೊರೆಜರಿ, ಸುರಂಗ ತೋಡಿ ಹಿಕ್ಕೆ ಹಾಕಿಟ್ಟ ನುಸಿ. ಪೊರೆಜರಿಯ ಎಲೆ ಈರುಳ್ಳಿ ಪೊರೆಗಿಂತ ತೆಳುವು, ಗಾಳಿ ಒಣಗಿತೆಂದರೆ ಮುದುಡುತ್ತದೆ. ಅದರ ಕಾಂಡದ ಒಂದು ತುಣುಕು ಆ ಸಿಪ್ಪೆಯಲ್ಲಿ ಸಿಕ್ಕರೆ, ಲಾವಾ ಹರಿದು ತಣಿದು ಇಂದು ಎರೆಮಣ್ಣಾಗಿರುವ ಸೀಮೆಯೊಂದರಲ್ಲಿ ಗಾಳಿ ಎಂದೂ ಒಣಗದ ಕಾಡಿತ್ತು ಎನ್ನಲು ಸಾಕ್ಷಿ. ಸಿಕ್ಕಿರುವುದು ಒಂದೇ ಕಲ್ಲು. ಇದು ಸುವರ್ಣಾ ಅವರ ಒಂಬತ್ತು ವರ್ಷದ ಹುಡುಕಾಟ.

"ಒಂದ ಕಾಡನ್ನ ಉಳೀಲೆ ಹಾರಿಸಿ, ರಸ್ತಾದ ತಗ್ಗಿಗೆ ಹಾಕೇನಿ ನೋಡವಾ," ಎಂದರು ಕಳಕವ್ವ ಸೊಸೆಗೆ. ಅಂದು ಮಧ್ಯಾಹ್ನ ಕಾಲಕಾಲೇಶ್ವರನ ಗುಡಿಯ ಕಡೆ ನಡೆದರು. ಬಂಡೆಯ ಸಂದಿನಿಂದ ನೀರು ಜಿನುಗುವಲ್ಲಿ, ಅಂಗೈಯಗಲದ ಜಾಗದಲ್ಲಿ ಹಸಿರು ಜರಿಗಿಡದ ನಾಲ್ಕು ಎಲೆಗಳಿವೆ. ಎರಡು ಮಾರು ಆಚೆ ಬರೀ ಕೆಂಪು ಬಂಡೆ, ಕಳ್ಳಿ. ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ಗಿಡವೂ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಆ ಗುಡಿಗೆ ಹೋಗಿಬರುವ ಕಳಕವ್ವ ಆ ಗೆರೆಯನ್ನು ನೋಡಿದ್ದು ಅದೇ ಮೊದಲು.

ಅರ್ಜುನಪ್ಪನವರದು ಬೇರೆ ಉಪಾಯ. ಅವರು ಕಟ್ಟೆಯ ಮೇಲೆ ಕೂತು ಕೆಮ್ಮುವುದರ ನಡುವೆ ಲೋಕದ ಎಲ್ಲ ತೊಡಕುಗಳನ್ನೂ ಬಿಡಿಸಬಲ್ಲರು.

"ಸಿಪ್ಪಿ ಇಲ್ಲದ ಬಂದೈತಿ ಅಂದ್ಬಿಡು. ಪಾರ್ಸೆಲ್ಲಿನ್ಯಾಗ ಕಳದಿರಬೇಕು ಅಂತ. ಯಾರ ನೋಡ್ಯಾರ?"

"ಕಲ್ಲು ನೋಡೇತ್ರಿ. ನನ್ನ ಉಳಿ ಗುರತು ಅದರ ಮೈ ತುಂಬ ಬಿದ್ದಾವು."

"ಅವನ್ನ ಉಜ್ಜಿಬಿಡು. ಉಜ್ಜೂದು ನಿನಗೇನ ಹೊಸಾದು?"

ಕಳಕವ್ವ ಗಂಡನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. "ನೀವು ನಲವತ್ತ ವರ್ಷ ಕಲ್ಲಿನ ಕೂಡ ಬಾಳೇವು ಮಾಡೀರಿ. ಅದಕ್ಕ ಸುಳ್ಳ ಹೇಳಸಾಕ ಹೊಂಟೀರೆಲ್ಲ, ನಿಮ್ಮಪ್ಪ ಇದ್ದಿದ್ರ ಉಳೀಲೆ ಬಡೀತಿದ್ದ."

ಅರ್ಜುನಪ್ಪ ಕೆಮ್ಮಿದರು.

ಗುರುವಾರ ಏನೂ ಸಿಗುವುದಿಲ್ಲ. ಶುಕ್ರವಾರ ಬೆಳಗ್ಗೆ ಜಂಗ್ಲಿಸಾಬನೇ ಟ್ರ್ಯಾಕ್ಟರ್ ನಿಲ್ಲಿಸಿ ಇಳಿಯುತ್ತಾನೆ. ಒಂಬತ್ತು ದಿನ ಈಕೆಯನ್ನು ಕಂಡೂ ಕಂಡೂ ಅವನ ಮನಸ್ಸಿಗೂ ಇರುಸುಮುರುಸು.

"ಯಕ್ಕಾ, ನಿನ್ನ ಕಲ್ಲು ತೂತುತೂತು ಇರತೈತೇನು? ಜೇನಿನ ಹುಟ್ಟಿನಂಗ?"

ಕಳಕವ್ವನ ಕೈಯ ತಂಬಿಗೆ ನಿಂತಲ್ಲೇ ನಿಲ್ಲುತ್ತದೆ. "ಹೌದು. ಎಲ್ಲಿ ನೋಡಿದಿ?"

"ಚೂರು ಸುರವೂಮುಂದ ನಳದ ಕಡೆ ಹೆಣ್ಮಕ್ಕಳು ಬಂದು, ಹಿಮ್ಮಡಿ ತಿಕ್ಕಾಕ ಚಲೋ ಅದಾವು ಅಂತ ಒಂದೆಲ್ಡ ಆರಿಸ್ಕೊಂಡ ಹೋದ್ರು. ಸೈರಾಬಾನು ಒಂದ ದೊಡ್ಡದ ಒಯ್ದಳು. ನಾನ ಎತ್ತಿ ಕೊಟ್ಟೆ."

ಒಂಬತ್ತು ದಿನ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದವನನ್ನು ಬೈಯಲು ಕಳಕವ್ವನಿಗೆ ಸಮಯವಿಲ್ಲ. ಪುರ್ತಗೇರಿಯ ನಡುವಿನ ಓಣಿಯಲ್ಲಿ, ಬಚ್ಚಲಕಟ್ಟೆಯ ಮೇಲೆ ಸೈರಾಬಾನು ಕಾಲು ಚಾಚಿ ಕೂತಿದ್ದಾರೆ. ಅವರ ಬಲಗೈಯಲ್ಲಿ, ಸೋಪಿನ ನೊರೆಯ ನಡುವೆ, ಕಳೆದುಹೋದ ಕಾಡು. ಅಂಗೈಯಗಲದ ತುಂಡು. ಹಿಮ್ಮಡಿಯ ಮೇಲೆ ಅದು ಮನಸಾರೆ ಓಡಾಡುತ್ತಿದೆ.

"ಯವ್ವಾ, ಆ ಕಲ್ಲು ನಂದು," ಎನ್ನುತ್ತಾರೆ ಕಳಕವ್ವ ಉಸಿರು ಬಿಡುತ್ತ.

"ನಿಂದ? ರಸ್ತಾದಾಗ ಬಿದ್ದಿತ್ತು."

"ನನ್ನ ಹಿತ್ತಲದಿಂದ ರಸ್ತಾಕ್ಕ ಬಂದೈತಿ."

"ಭಾಳ ಚಲೋ ತಿಕ್ಕತೈತಿ ಬಿಡ. ನೋಡಿಲ್ಲೆ, ಹತ್ತ ವರ್ಷದ ಸೀಳು ಎಂಟ ದಿನದಾಗ ಮುಚ್ಚ್ಯಾವು. ನಾ ಕೊಡಂಗಿಲ್ಲ."

"ಅದು ಕಲ್ಲಲ್ಲಬೇ, ಮರಾ. ಹಳೇ ಮರದ ಬೇರು."

"ಖರೇ ಹೇಳ್ತಿ? ಎಷ್ಟ ಹಳೇದು?"

ಕಳಕವ್ವ ಹೇಳುತ್ತಾರೆ. ಸೈರಾಬಾನು ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿ, ತಮ್ಮ ಹಿಮ್ಮಡಿಯನ್ನು ಹೊಸ ಗೌರವದಿಂದ ನೋಡಿ, "ಯಾ ಅಲ್ಲಾ, ಹಂಗಾದ್ರ ಇನ್ನೂ ಕೊಡಂಗಿಲ್ಲ," ಎನ್ನುತ್ತಾರೆ.

ಕೊನೆಗೆ ಮಾತು ಒಂದು ಕಡೆ ನೆಲೆಗೆ ಬರುತ್ತದೆ. ಸೈರಾಬಾನು ಅವರ ಅಂಗಳದ ಮೂಲೆಯಲ್ಲಿ ಖಾರ ಅರೆಯುವ ಕಲ್ಲಿದೆ. ಸವೆದು ಸವೆದು ಕನ್ನಡಿಯಾಗಿ, ಮೆಣಸಿನಕಾಯಿ ಅದರ ಮೇಲೆ ಜಾರುಬಂಡೆ ಆಡುತ್ತದೆ. ಮುಳ್ಳು ಹೊಡೆಯುವವರು ಈ ಕಡೆ ಬಂದು ಎಷ್ಟೋ ವರ್ಷವಾಯಿತು. ಕಳಕವ್ವ ಮನೆಗೆ ಹೋಗಿ ಉಳಿ ಸುತ್ತಿಗೆ ತರುತ್ತಾರೆ. ಒಂದೂವರೆ ತಾಸು, ಸಾಲು ತಪ್ಪದ ಹಾಗೆ, ಜೋಳದ ತೆನೆಯ ಕಾಳಿನಂತೆ ಮುಳ್ಳು ಎಬ್ಬಿಸಿ ಕೊಟ್ಟು, ಬದಲಿಗೆ ಸಿಪ್ಪೆಯ ತುಂಡನ್ನು ಇಸಿದುಕೊಳ್ಳುತ್ತಾರೆ. ಓಣಿಯ ಇನ್ನೂ ಇಬ್ಬರು ತಮ್ಮ ತಮ್ಮ ಹಿಮ್ಮಡಿಕಲ್ಲು ಹಿಡಿದುಕೊಂಡು ಬಂದು, ಅವೂ ಮರವೇ ಇರಬೇಕು, ತಮ್ಮ ಅರೆಯುವ ಕಲ್ಲಿಗೂ ಮುಳ್ಳು ಹೊಡೆಯಿರಿ ಎಂದು ನಿಲ್ಲುತ್ತಾರೆ. ಒಂದು ಬರೀ ಇಟ್ಟಿಗೆ. ಇನ್ನೊಂದು ನಿಜಕ್ಕೂ ಸಿಪ್ಪೆಯ ತುಂಡು, ಅಡಿಕೆಯಷ್ಟು.

ಸೋಪಿನ ಜಿಡ್ಡು ತೊಳೆಯಲು ಒಂದು ಇಡೀ ದಿನ ಬೇಕಾಗುತ್ತದೆ. ಕಲ್ಲು ಸವೆದಿಲ್ಲ. ಆರೂವರೆ ಕೋಟಿ ವರ್ಷಕ್ಕೆ ಸವೆಯದ್ದು ಸೈರಾಬಾನು ಅವರ ಹಿಮ್ಮಡಿಗೆ ಸವೆದೀತೆ? ತೊಡಕು ಬೇರೆಯದು. ಸಿಪ್ಪೆ ಬಡ್ಡೆಯ ಯಾವ ಕಡೆಗೆ ಅಂಟಿತ್ತು, ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯದಿದ್ದರೆ ಅದು ತಲೆಬುಡವಿಲ್ಲದ ಸಾಕ್ಷಿ. ಶನಿವಾರ ಮಧ್ಯಾಹ್ನ ಕಳಕವ್ವ ಶೆಡ್ಡಿನ ಬಾಗಿಲು ಮುಂದೆ ಮಾಡಿಕೊಂಡು, ಬೋಳು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಅವರ ಉಳಿಯ ಬಾಯಿಯ ಒಂದು ಮೂಲೆ ಚೂರು ಮುಕ್ಕಾಗಿದೆ. ಅದರಿಂದ ಹೊಡೆದ ಪ್ರತಿ ಏಟಿಗೂ ಗೋರಿದ ತಗ್ಗಿನ ಬದಿಯಲ್ಲಿ ಕೂದಲೆಳೆಯಂಥ ಒಂದು ದಿಬ್ಬ ಉಳಿಯುತ್ತದೆ. ಬಡ್ಡೆಯ ಮೇಲೆ ಅಂಥ ಐದು ಗುರುತು. ಸಿಪ್ಪೆಯ ಒಳಮೈಯಲ್ಲಿ ಮೂರು. ಕಣ್ಣು ಮುಚ್ಚಿ, ಬೆರಳಿನಿಂದ ತಡವಿ, ತಿರುಗಿಸಿ, ಮತ್ತೆ ತಿರುಗಿಸಿ, ಜಾರಿಸುತ್ತಾರೆ. ಎಲ್ಲೋ ಒಂದು ಕಡೆ ಸಿಪ್ಪೆ 'ಚಕ್' ಎಂದು ಕೂರುತ್ತದೆ. ಕೈ ಬಿಟ್ಟರೂ ಬೀಳುವುದಿಲ್ಲ. ಪಟ್ಟಿಗೆ ಹಾಕುವ ಅಂಟನ್ನೇ ಸವರಿ ಬೆಸೆಯುತ್ತಾರೆ. ಹೊರಗೆ ಕಾಯುತ್ತಿದ್ದ ಮೇಘಾಳಿಗೆ ಒಳಗಿನಿಂದ ಅಳುವಿನಂಥ ಒಂದು ಸದ್ದು ಕೇಳುತ್ತದೆ. ಅವಳು ಒಳಗೆ ಹೋಗುವುದಿಲ್ಲ.

ಭಾನುವಾರ ಹತ್ತು ಗಂಟೆಗೆ ಸುವರ್ಣಾ ಬರುತ್ತಾರೆ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಕೈಯಲ್ಲಿ ತವರಿನ ಶೇಂಗಾ ಹೋಳಿಗೆಯ ಡಬ್ಬಿ. ಅರ್ಜುನಪ್ಪ ಕುರ್ಚಿ ಒರೆಸುತ್ತಾರೆ. ಸುವರ್ಣಾ ಕೂರುವ ಮೊದಲೇ ಕಳಕವ್ವ ಬಾಯಿ ತೆರೆಯುತ್ತಾರೆ.

"ಬಾಯಾರ, ಕೂಡೂಕಿಂತ ಮೊದಲ ಕೇಳ್ರಿ. ಸಿಪ್ಪಿ ನಾ ಹಾರಿಸಿಬಿಟ್ಟೇನ್ರಿ. ನೀವು ಫೋನ್ ಮಾಡೂಕಿಂತ ಮೊದಲ. ಸತ್ತ ಕಲ್ಲು ಅಂತ ತಿಳದೆ."

ಸುವರ್ಣಾ ಡಬ್ಬಿಯನ್ನು ಹಿಡಿದುಕೊಂಡೇ ನಿಲ್ಲುತ್ತಾರೆ. "ಮತ್ತ ಆ ದಿವಸ ಹೂಂ ಅಂದ್ರಿ?"

"ಅಂದೆ."

"ಯಾಕ್ರಿ?"

"ಅಂಜಿಕಿ ಬಂತ್ರಿ. ಬ್ಯಾರೆ ಏನೂ ಇಲ್ಲ."

ಆಮೇಲೆ ಕಳಕವ್ವ ಎಲ್ಲವನ್ನೂ ಹೇಳುತ್ತಾರೆ, ಟ್ರ್ಯಾಕ್ಟರು, ತಗ್ಗು, ಹಿಮ್ಮಡಿ ಸಮೇತ. ಹಿಮ್ಮಡಿಯ ಭಾಗಕ್ಕೆ ಬಂದಾಗ ಸುವರ್ಣಾ ಅವರ ಮುಖದಲ್ಲಿ ನಗುವೊಂದು ಬಂದು, ಬರಬಾರದಿತ್ತು ಎಂದು ಹಿಂದಿರುಗುತ್ತದೆ. ಕಲ್ಲು ಎದುರಿಗೆ ಬರುತ್ತದೆ. ಅವರು ಭೂತಗನ್ನಡಿ ಕಣ್ಣಿಗೊತ್ತಿ ಬೆಸುಗೆಯ ಗೆರೆಯನ್ನು ಹುಡುಕುತ್ತಾರೆ. ಒಂದು ಸುತ್ತು ಬಂದು, ಸಿಗದೆ, ಮತ್ತೊಂದು ಸುತ್ತು ಬರುತ್ತಾರೆ. ಉಳಿದ ಭಾಗದ ಸಿಪ್ಪೆ ಪುರ್ತಗೇರಿಯ ದಾರಿಯಲ್ಲಿ ಚಕ್ರಗಳ ಕೆಳಗಿದೆ, ಅದು ಇನ್ನು ಸಿಗುವುದಿಲ್ಲ. ಇದು ಮೂರರಲ್ಲಿ ಒಂದು ಪಾಲು.

"ಇದನ್ನ ನಾ ಒಯ್ಯತೇನ್ರಿ," ಎನ್ನುತ್ತಾರೆ ಸುವರ್ಣಾ, ಕಲ್ಲನ್ನು ಬಟ್ಟೆಯಲ್ಲಿ ಸುತ್ತುತ್ತ. "ಅಲ್ಲೆ ಯಾರರ ಕೊಯ್ತಾರ."

ಕಳಕವ್ವ ತಲೆಯಾಡಿಸುತ್ತಾರೆ. ಕೈಗೆ ಕೆಲಸವಿರಲೆಂದು ಗಾಜಿನ ಫಲಕವನ್ನು ಒರೆಸತೊಡಗುತ್ತಾರೆ, ಅದು ಆಗಲೇ ಒರೆಸಿದ್ದು.

ಸುವರ್ಣಾ ಬಾಗಿಲವರೆಗೆ ಹೋಗುತ್ತಾರೆ. ಅಲ್ಲಿ ನಿಂತು ಗಂಟು ಬಿಚ್ಚಿ, ಬೆಸುಗೆಯ ಮೇಲೆ ಉಗುರು ಎಳೆದು ನೋಡುತ್ತಾರೆ. ಉಗುರು ಎಲ್ಲಿಯೂ ತಡೆಯುವುದಿಲ್ಲ. ಹಿಂದಿರುಗಿ ಬಂದು ಕಲ್ಲನ್ನು ಯಂತ್ರದ ಪಕ್ಕಕ್ಕೆ ಇಡುತ್ತಾರೆ.

"ಚೀಟಿ ಬರದ ಇಡಬೇಕಿತ್ತು, ಇಡಲಿಲ್ಲ. ಅದು ನನ್ನ ತಪ್ಪು. ನಾ ಮಂಗಳವಾರದತನ ಜಕ್ಕಲ್ಯಾಗ ಇರತೇನಿ. ಎಷ್ಟ ದಿನ ಬೇಕ್ರಿ?"

"ಎರಡ ದಿನ ಸಾಕ್ರಿ," ಎನ್ನುತ್ತಾರೆ ಕಳಕವ್ವ.

ಕೊಯ್ಯಲು ಇರುವುದು ಒಂದೇ ಅವಕಾಶ. ಚಕ್ರ ಬಡ್ಡೆ ಮತ್ತು ಸಿಪ್ಪೆ ಎರಡನ್ನೂ ಅಡ್ಡಲಾಗಿ ದಾಟಬೇಕು, ಬೆಸುಗೆ ಬಿಡಬಾರದು. ಸೋಮವಾರ ಕರೆಂಟು ಎರಡು ಸಲ ಹೋಗುತ್ತದೆ. ಕಳಕವ್ವ ಉಪ್ಪಿಟ್ಟು ಬಿಡುತ್ತಾರೆ, ನೆಂಟರ ಫೋನು ಬಿಡುತ್ತಾರೆ, ಗಂಡನ ಸಲಹೆಗಳನ್ನು ಎಂದಿನಂತೆ ಬಿಡುತ್ತಾರೆ. ಹೋಳು ಬರುತ್ತದೆ. ಒರಟು ಪುಡಿ, ನಯ ಪುಡಿ, ಹಾಲಿನ ಪುಡಿ. ಬಿಳಿ ಸಿಪ್ಪೆ ಕಪ್ಪು ಬಡ್ಡೆಗಿಂತ ಬೇಗ ಸವೆಯುವ ಜಾತಿ. ಒಂದು ಕಡೆ ಬೆರಳಿನ ಭಾರ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಯಾವ ಪುಸ್ತಕದಲ್ಲೂ ಬರೆಯದ ಈ ಲೆಕ್ಕ ಅವರ ಮಣಿಕಟ್ಟಿನಲ್ಲಿದೆ. ಮಂಗಳವಾರ ಬೆಳಗ್ಗೆ ಪಟ್ಟಿಯನ್ನು ಕ್ಯಾಲೆಂಡರಿಗೆ ಒತ್ತುತ್ತಾರೆ. ತಿಥಿ ಕಾಣುತ್ತದೆ.

ಸುವರ್ಣಾ ತಮ್ಮ ಪ್ರವಾಸದ ಸೂಕ್ಷ್ಮದರ್ಶಕವನ್ನು ಶೆಡ್ಡಿನ ಸ್ಟೂಲಿನ ಮೇಲೆ ಹೂಡಿ ಬಾಗುತ್ತಾರೆ. ಬಹಳ ಹೊತ್ತು ಏಳುವುದಿಲ್ಲ. ಅರ್ಜುನಪ್ಪ ಕೂಡ ಕೆಮ್ಮನ್ನು ಹಿಡಿದುಕೊಂಡಿದ್ದಾರೆ.

"ಬರ್ರಿ, ನೋಡ್ರಿ," ಎಂದು ಕೊನೆಗೆ ಕರೆಯುತ್ತಾರೆ.

ಕಳಕವ್ವ ಬಾಗಿ ನೋಡುತ್ತಾರೆ. ಒಂದು ಬದಿಗೆ ಬಡ್ಡೆಯ ಕಪ್ಪು, ಅದರಲ್ಲಿ ಕುದುರೆಯ ಲಾಳದಂಥ ತಿಳಿ ಪಟ್ಟೆಗಳು. ಅದರಾಚೆ ಬೇರುಗಳು, ನೂರಾರು, ಕೋಡಬಳೆ ಕೊಯ್ದು ಹರವಿದಂತೆ ದುಂಡುದುಂಡಗೆ. ಸಂದಿನಲ್ಲೊಂದು ಸುರಂಗ, ಅದರ ತುಂಬ ನುಸಿಯ ಹಿಕ್ಕೆ, ಸಾಸಿವೆಯನ್ನು ಇನ್ನೂ ನೂರು ಪಾಲು ಮಾಡಿದ ಹಾಗೆ. ಸುವರ್ಣಾ ಗಾಜನ್ನು ಕೂದಲೆಳೆ ಸರಿಸುತ್ತಾರೆ. ಎರಡು ಬೇರುಗಳ ನಡುವೆ ಮತ್ತೊಂದು ದುಂಡನೆಯದು. ಅದು ಬೇರಿನಂತಿಲ್ಲ. ಸಣ್ಣದು, ಬೇರೆಯದು, ತಾನು ಈ ಮನೆಯವನಲ್ಲ ಎನ್ನುವಂತೆ ಮುದುರಿ ಕೂತದ್ದು.

"ಇದ ಏನ್ರಿ, ಬಾಡಿಗಿದಾರ?"

"ಹೌದನ್ನಂಗ ಕಾಣ್ತೈತಿ. ಪೊರೆಜರಿ ಕಾಂಡಾನ ಇರಬೇಕು. ನಾ ಒಬ್ಬಾಕಿ ಅಂದ್ರ ಆಗೂದಿಲ್ರಿ. ಇನ್ನ ಹತ್ತ ಮಂದಿ ನೋಡಿ, ಬೈದು, ಜಗಳಾಡಿದ ಮ್ಯಾಲ ಖರೇ ಅನ್ನೂಣು."

ಪಟ್ಟಿಯನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗಿಡುತ್ತ ಸುವರ್ಣಾ, ಈ ಸಲದ ಪ್ರಬಂಧದ ಕೊನೆಗೆ ಕಳಕವ್ವನ ಹೆಸರು ಹಾಕುವೆನೆಂದು ಹೇಳುತ್ತಾರೆ. ಕಲ್ಲು ಜೋಡಿಸಿ, ಪಟ್ಟಿ ಮಾಡಿದವರು ಎಂದು. ಮೇಘಾ ಅಲ್ಲಿಯೇ ಕುಣಿಯುವುದೊಂದು ಬಾಕಿ. ಕಳಕವ್ವ ಕರಿಪುಡಿಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ, ಎರಡು ವಾರದಲ್ಲಿ ಮೊದಲ ಸಲ ಕಟ್ಟೆಯ ಮೇಲೆ ಪೂರ್ತಿ ಭಾರ ಬಿಟ್ಟು ಕೂರುತ್ತಾರೆ.

"ಹೆಸರು ಹಾಕೂದಾದ್ರ ಪೂರ್ತಿ ಬರೀರಿ ಬಾಯಾರ. ಸಿಪ್ಪಿ ಒಡದಾಕೀನೂ ಕಳಕವ್ವನ ಅಂತ ಬರೀರಿ. ಡಬ್ ಅಂದ ಕೂಡಲೆ ಸತ್ತೈತಿ ಅಂತ ತಿಳದಳು ಅಂತನೂ ಬರೀರಿ. ಎಲ್ಲೆರ ಒಬ್ಬಾಕಿ ನನ್ನಂಗ ಉಳಿ ಹಿಡಕೊಂಡ ಕುಂತಿರತಾಳು. ಆಕಿ ಕೈ ಒಂದ ಗಳಿಗಿ ನಿಂತ್ರ ಸಾಕು."